ಎಷ್ಟು ಮೊಟ್ಟೆ ಹಿಡಿಸುವ ಮನೆ

ನಮ್ಮ ಕಡೆ ಆಗ ಯಾರ ಮನೆ ಎಷ್ಟು ದೊಡ್ಡದು ಅಂತ ತಿಳಿಯೋಕೆ ಕೋಣೆ ಎಣಿಸೋರೇ ಇರಲಿಲ್ಲ. “ಎಷ್ಟು ಮೊಟ್ಟೆ ಹಿಡಿಸ್ತದೆ?” ಅಂತ ಕೇಳೋರು. ಕೋಳಿ ಮೊಟ್ಟೆ ಅಲ್ಲ ಮತ್ತೆ! ರೇಷ್ಮೆ ಚಿಟ್ಟೆ ಒಂದು ಸಲಕ್ಕೆ ಇಡೋ ಇಡೀ ರಾಶಿಗೆ ನಮ್ಮೋರು ಒಂದು ಮೊಟ್ಟೆ ಅನ್ನೋದು. ಆ ಒಂದರಿಂದಲೇ ನೂರಾರು ಹುಳ ಹೊರಡ್ತವೆ. ನಮ್ಮದು ನೂರೈವತ್ತು ಮೊಟ್ಟೆ ಮನೆ. ನಡುಮನೇಲಿ ನೂರು, ಪಕ್ಕದ ಕೋಣೇಲಿ ಐವತ್ತು. ಅಕ್ಕನ್ನ ನೋಡೋಕೆ ಕನಕಪುರದ ಕಡೆಯಿಂದ ಬಂದ ಬೀಗರು ಮೊದಲು ಕೇಳಿದ್ದು ಅದನ್ನೇ. ಆಮೇಲೆ ಹುಡುಗಿ ಕಡೆ ತಿರುಗಿದರು.

ರೇಷ್ಮೆ ರೇಟು ಏರಿದ್ದೇ ಏರಿದ್ದು ಅನ್ನೋ ಕಾಲ. ಗುಡೇಮಾರನಹಳ್ಳಿ ಕಡೆಯಿಂದ ಸಾವನದುರ್ಗದ ಬುಡದವರೆಗೂ ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟ ಆಗಿಹೋಗಿದ್ದವು. ಕುರಿ ಸಾಕೋರು ಕೂಡ ಕುರಿ ಮಾರಿ ಹುಳ ಸಾಕೋ ಬಿದಿರು ತಟ್ಟೆ ಕೊಂಡಿದ್ದರು. ಹುಳ ಮನೆಗೆ ಬಂತು ಅಂದ್ರೆ ನಾವು ಜಗಲಿಗೆ. ಅಡುಗೆಮನೆ ಒಂದು ಮಾತ್ರ ನಮ್ಮದು. ಅಲ್ಲೂ ಹೊಗೆ ಹುಳಕ್ಕೆ ಆಗಲ್ಲ ಅಂತ ಬಾಗಿಲು ಹಾಕ್ಕೊಂಡು ಕೆಮ್ಮಬೇಕು. ಒಗ್ಗರಣೆ ಚಟಪಟ ಅಂದ್ರೆ ಸಾಕು, ಅಪ್ಪ ಜಗಲಿಯಿಂದಲೇ ಸಿಡಿಯೋನು. ಸಿಡಿಯೋದನ್ನ ನಾನೂ ಅವನಿಂದಲೇ ಕಲಿತಿದ್ದು. ನಮ್ಮಿಬ್ಬರಿಗೂ ಮೂಗಿನ ತುದೀಲೇ ಕೋಪ.

ಆ ವರ್ಷ ಅಕ್ಕ ಬಸುರಿ, ಚೊಚ್ಚಲು. ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ದಿನ ತುಂಬೋದು ಸರಿಯಾಗಿ ಹುಳ ಮನೆ ತುಂಬಿರೋ ಹೊತ್ತಿಗೆ ಬಂತು. ಹುಳ ಇರೋ ಮನೇಲಿ ಬಾಣಂತಿ ಇರೋ ಹಂಗಿಲ್ಲ, ಬಾಣಂತಿ ಆರೈಕೆ ಮಾಡೋ ಕೈ ಹುಳ ಮುಟ್ಟೋ ಹಂಗಿಲ್ಲ. ಅದು ನಮ್ಮ ಸುತ್ತಿನ ಊರುಗಳ ಕಟ್ಟುಪಾಡು. ಸರಿ, ಬೆಳೆನೇ ಒಸಿ ಮುಂದಕ್ಕೆ ಹಾಕೋಣ ಅಂದ್ರೆ ಅಪ್ಪ ಹೊಸ ಸೊಪ್ಪು ಚಿಗುರಲಿ ಅಂತ ತೋಟದ ಗಿಡ ಸವರಿ ಆಗಿತ್ತು. ಸವರಿದ ಮೇಲೆ ಸೊಪ್ಪು ತನ್ನ ಹೊತ್ತಿಗೆ ಬಂದೇ ಬರ್ತದೆ, ಯಾರ ಬಸುರಿಗೂ ಕಾಯಲ್ಲ. ಅಕ್ಕನ ಅತ್ತೆ ಹೇಳಿ ಕಳಿಸಿದರು: “ಹುಳ ಕಟ್ಕಂಡು ನೀವೇನು ಬಾಣಂತನ ಮಾಡೀರಿ, ಇಲ್ಲೇ ಆಗ್ಲಿ ಬುಡಿ.”

ನಾನು ಕನಕಪುರಕ್ಕೆ ಹೋಗಿ ಬಂದೆ. ಅಕ್ಕ ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ನನ್ನ ಕೈ ಹಿಡ್ಕೊಂಡು, ಅತ್ತೆಗೆ ಕೇಳಿಸದಂಗೆ ಅಂದಳು: “ನಂಗೆ ಅವ್ವ ಬೇಕು ಕಣೇ. ಇಲ್ಲಿ ಎಲ್ರೂ ಒಳ್ಳೇರೇ. ಆದ್ರೆ ಆ ಹೊತ್ತಲ್ಲಿ ಅವ್ವ ಇರ್ಲಿಲ್ಲ ಅಂದ್ರೆ ನಾನು ಉಳಿಯಾಕಿಲ್ಲ.” ಅಯ್ಯೋ, ಆ ಮಾತು! ಬಸ್ಸಲ್ಲಿ ಅತ್ಕೊಂಡೇ ಬಂದೆ. ಬಂದವಳು ಅಪ್ಪನ ಮೇಲೆ ಹಾರಿಬಿದ್ದೆ. ಅಪ್ಪ ತಲೆ ತಗ್ಗಿಸಿಕೊಂಡು, “ನಂಗೇನು ಆಸೆ ಇಲ್ವಾ ಅಮ್ಮಿ? ಜಾಗ ಎಲ್ಲೈತೆ, ನೀನೇ ಹೇಳು” ಅಂದ. ಅವ್ವ ಕೊಡ ಎತ್ಕೊಂಡು ನೀರಿಗೆ ಹೋದಳು. ಅಲ್ಲಿಗೆ ಆ ವಿಷಯ ಮುಗೀತು ಅಂತಲೇ ಎಲ್ಲರೂ ತಿಳ್ಕೊಂಡೆವು.

ನಾನು ಆಗ ರಾಮನಗರದಲ್ಲಿ ಬಿ.ಕಾಂ. ಓದ್ತಿದ್ದೆ. ನಮಗೆ ಲೆಕ್ಕ ಹೇಳೋ ಮೇಷ್ಟ್ರು ಚನ್ನಪಟ್ಟಣದವರು. ಅದೇ ತಿಂಗಳಲ್ಲಿ ಒಂದು ದಿನ ಬೋರ್ಡಿನ ಮೇಲೆ ‘ಲೀನಿಯರ್ ಪ್ರೋಗ್ರಾಮಿಂಗ್’ ಅಂತ ಬರೆದರು. ನನಗೆ ಆಕಳಿಕೆ. ಪುಸ್ತಕದಲ್ಲಿ ಕುರ್ಚಿ ಮೇಜು ಮಾಡೋ ಯಾವುದೋ ಕಂಪನಿ ಲೆಕ್ಕ ಇತ್ತು. ಅದನ್ನ ಅವರು ಪಕ್ಕಕ್ಕೆ ತಳ್ಳಿ, ಜೇಬಿಂದ ಎರಡು ಬಣ್ಣದ ಗೊಂಬೆ ತೆಗೆದು ಮೇಜಿನ ಮೇಲಿಟ್ಟರು. ಒಂದು ಬುಗುರಿ, ಒಂದು ಕುದುರೆ. “ಮರ ಇಷ್ಟೇ ಇದೆ, ಬಣ್ಣ ಕೊಡೋ ಅರಗು ಇಷ್ಟೇ ಇದೆ, ಕೆಲಸಗಾರನಿಗೆ ಹೊತ್ತೂ ಇಷ್ಟೇ. ಬುಗುರಿ ಎಷ್ಟು ಮಾಡಿಸ್ತೀರಿ, ಕುದುರೆ ಎಷ್ಟು ಮಾಡಿಸ್ತೀರಿ?” ಅಂದರು. ನನ್ನ ಆಕಳಿಕೆ ಅರ್ಧಕ್ಕೇ ನಿಂತುಹೋಯ್ತು.

ಎಷ್ಟು ಸುಲಭವಾಗಿ ಬಿಡಿಸಿ ಹೇಳಿದರು ಅಂತೀರಿ! ನೀವು ತೀರ್ಮಾನ ಮಾಡಬೇಕಾದ್ದಕ್ಕೆ ಎಕ್ಸ್, ವೈ ಅಂತ ಹೆಸರಿಡಿ. ನಿಮಗೆ ಏನು ಬೇಕು, ಅದಕ್ಕೊಂದು ಸಾಲು ಬರೀರಿ. ಯಾವ್ಯಾವುದನ್ನ ಮೀರೋ ಹಾಗಿಲ್ಲ, ಒಂದೊಂದಕ್ಕೂ ಒಂದೊಂದು ಸಾಲು ಬರೀರಿ. ಒಂದೊಂದು ಸಾಲೂ ಕಾಗದದ ಮೇಲೆ ಒಂದೊಂದು ಗೆರೆ ಆಗ್ತದೆ. ಗೆರೆಗಳ ಒಳಗೆ ಉಳಿಯೋ ಜಾಗವೇ ನಿಮ್ಮ ಕೈಲಾಗೋದು. ಅದರ ಯಾವುದಾದರೂ ಒಂದು ಮೂಲೇಲಿ ಉತ್ತರ ಇರ್ತದೆ. “ಬಿಡಿಸೋದು ಮಕ್ಕಳಾಟ,” ಅಂದರು, “ಬರೆಯೋದೇ ಕಷ್ಟ. ನೀವು ಬರೆಯೋಕೆ ಮರೆತಿದ್ದನ್ನ ಲೆಕ್ಕ ತಾನಾಗಿ ನೆನಪು ಮಾಡಲ್ಲ.” ಆ ಕೊನೇ ಮಾತು ನನ್ನ ಒಂದು ಕಿವೀಲಿ ಹೋಗಿ ಇನ್ನೊಂದರಲ್ಲಿ ಬಂತು. ನಾನಾಗಲೇ ಹುಚ್ಚು ಹಿಡಿಸಿಕೊಂಡಾಗಿತ್ತು.

ಹುಚ್ಚು ಅಂದ್ರೆ ಸಾಮಾನ್ಯ ಹುಚ್ಚಲ್ಲ. ಬಸ್ಸಿಗೆ ಕಾಯುವಾಗ ಲೆಕ್ಕ, ಬಸ್ಸಲ್ಲಿ ನಿಂತು ಲೆಕ್ಕ. ಬಸ್ ಸ್ಟ್ಯಾಂಡ್ ಹೋಟೆಲಿನವನಿಗೆ ಇರೋ ಒಲೆ, ಇರೋ ಉದ್ದಿನಬೇಳೇಲಿ ಇಡ್ಲಿ ಎಷ್ಟು, ವಡೆ ಎಷ್ಟು ಮಾಡಿದ್ರೆ ಗಿಟ್ಟುತ್ತೆ ಅಂತ ತಿಳಿಸಿ ಹೇಳೋಕೆ ಹೋದೆ. “ಏನವ್ವ, ಕಾಪಿ ಕುಡಿಯಾಕೆ ಬಂದ್ಯೋ, ಹೋಟ್ಲಲ್ಲಿ ಪಾಲು ಕೇಳಾಕೆ ಬಂದ್ಯೋ?” ಅಂದ. ನನಗೆ ನಾಚಿಕೆಯೇ ಆಗಲಿಲ್ಲ. ಲೋಕವೆಲ್ಲ ಗೆರೆ ಗೆರೆಯಾಗಿ ಕಾಣೋದು.

ಮನೇಲಿ ಅಪ್ಪನಿಗೆ ಆ ಹೊತ್ತಿಗೆ ಬೇರೆ ತಲೆಬಿಸಿ. ಯಾವಾಗಲೂ ಸಾಕೋ ಹಳದಿ ಗೂಡಿನ ಹುಳವನ್ನೇ ತರೋದೋ, ಹೊಸದಾಗಿ ಎಲ್ಲರೂ ಹೊಗಳ್ತಿದ್ದ ಬಿಳಿ ಗೂಡಿನ ಹುಳ ತರೋದೋ? ಬಿಳಿದಕ್ಕೆ ರೇಟು ಜಾಸ್ತಿ. ಆದ್ರೆ ತಿನ್ನೋದೂ ಜಾಸ್ತಿ, ಜಾಗವೂ ಜಾಸ್ತಿ, ಚಾಕರಿಯಂತೂ ಕೇಳಬೇಡಿ. ಜಗಲೀಲಿ ಕೂತು ಅದನ್ನೇ ಗೊಣಗ್ತಿದ್ದ. ಅವನ ಗೊಣಗು ಕೇಳಿ ನನ್ನ ಮೈ ಜುಮ್ಮಂತು. ಬುಗುರಿ, ಕುದುರೆ! ಹಳದಿ, ಬಿಳಿ! ಓಡಿಹೋಗಿ ಅವ್ವನ ರಂಗೋಲಿ ಡಬ್ಬ ತಂದೆ.

“ಅಪ್ಪ, ಬಿಳಿ ಹುಳ ಎಷ್ಟು ತಿಂತದೆ?”

“ತಿನ್ನೋದ್ರಲ್ಲಿ ಅದು ನಿನ್ನಂಗೇ ಕಣಮ್ಮಿ, ಹಾಕ್ದಷ್ಟೂ ಬೇಕು” ಅಂದ. ನಕ್ಕ. ಆದ್ರೆ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ತೋಟದಲ್ಲಿ ಎಷ್ಟು ಹೊರೆ ಸೊಪ್ಪು ಬರ್ತದೆ, ನಡುಮನೇಲಿ ಎಷ್ಟು ತಟ್ಟೆ, ಕೋಣೇಲಿ ಎಷ್ಟು, ಸೊಪ್ಪು ಕೊಯ್ಯೋಕೆ, ಹೆಚ್ಚೋಕೆ, ಹಿಕ್ಕೆ ಬಾಚೋಕೆ ಎಷ್ಟು ಕೈ ಬೇಕು. ನಾನು ಸಾರಿಸಿದ ಅಂಗಳದ ಮೇಲೆ ಹಳದಿಗೆ ಒಂದು ಉದ್ದ ಗೆರೆ ಎಳೆದೆ, ಬಿಳಿಗೆ ಒಂದು ಅಡ್ಡ ಗೆರೆ. ಅವೆರಡರ ನಡುವೆ ಸೊಪ್ಪಿನ ಗೆರೆ, ಜಾಗದ ಗೆರೆ, ಕೈಗಳ ಗೆರೆ. ನೋಡನೋಡ್ತಾ ಅಂಗಳದಲ್ಲಿ ಮೂಲೆ ಮೂಲೆಯಾಗಿ ಒಂದು ಆಕಾರ ಎದ್ದು ಬಂತು. ಎಲ್ಲಾ ಮೂಲೆಗೂ ದುಡ್ಡಿನ ಲೆಕ್ಕ ಹಾಕಿದೆ. ಅಪ್ಪನ ಕೈ ಹಿಡಿದು ಎಳ್ಕೊಂಡು ಹೋಗಿ ಒಂದು ಮೂಲೇಲಿ ನಿಲ್ಲಿಸಿದೆ.

“ಅಲ್ಲಾಡ್ಬೇಡ! ನೀನು ನಿಂತಿದ್ದೀಯಲ್ಲ, ಅದೇ ಉತ್ತರ. ಮುಕ್ಕಾಲು ಪಾಲಿಗೂ ಮೇಲೆ ಹಳದಿ, ಮಿಕ್ಕಿದ್ದು ಬಿಳಿ. ಎಲ್ಲಾ ಸೇರಿ ನೂರೈವತ್ತಕ್ಕೆ ಒಸಿ ಕಮ್ಮಿ.”

ಅಪ್ಪ ಕಾಲ ಕೆಳಗೆ ನೋಡಿದ, ಸುತ್ತ ನೋಡಿದ. ತನ್ನ ಮನಸ್ಸಲ್ಲೂ ಅಷ್ಟೇ ಇತ್ತು, ಹೇಳೋಕೆ ಧೈರ್ಯ ಇರಲಿಲ್ಲ ಅಂದ. ದಾರೀಲಿ ಹೋಗ್ತಿದ್ದ ಪಕ್ಕದ ಮನೆಯವನ್ನ ಕೂಗಿ, “ಲೇ, ಬಾರ್ಲಾ ಇಲ್ಲಿ, ನನ್ ಮಗ್ಳು ಅಂಗಳದಲ್ಲೇ ಬೆಳೆ ತೆಗ್ದವ್ಳೆ ನೋಡು!” ಅಂತ ಮೀಸೆ ತಿರುವಿದ. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಅಷ್ಟರಲ್ಲಿ ಅವ್ವ ಹಿತ್ತಲಿಂದ ಬಂದಳು. ರಂಗೋಲಿ ಪುಡಿ ಖಾಲಿ ಮಾಡಿದ್ದಕ್ಕೆ ಬೈತಾಳೆ ಅಂದುಕೊಂಡೆ. ಬೈಯಲಿಲ್ಲ. ಸೊಂಟಕ್ಕೆ ಕೈ ಕೊಟ್ಟು ನಿಂತು ಒಂದೊಂದೇ ಗೆರೆ ತೋರಿಸಿ ಕೇಳಿದಳು.

“ಇದೇನು?”

“ಸೊಪ್ಪು.”

“ಇದು?”

“ಕೈಗಳು. ನಾನು, ನೀನು, ಅಪ್ಪ.”

“ಇದು?”

“ಜಾಗ. ನಡುಮನೆ, ಕೋಣೆ.”

ಅವ್ವ ಕಾಲ್ಬೆರಳಲ್ಲಿ ಆ ಗೆರೆ ಮುಟ್ಟಿ, “ನಿಮ್ಮಕ್ಕ ಎಲ್ಲವ್ಳೆ ಇದ್ರಲ್ಲಿ?” ಅಂದಳು.

ಅಪ್ಪ ಕೋಣೆ ಅಂದ್ರೆ ಐವತ್ತು ಅಂತ ಹೇಳಿದ್ದ, ನಾನು ಐವತ್ತು ಅಂತ ಬರೆದಿದ್ದೆ. ಅದು ಮನುಷ್ಯರು ಮಲಗೋ ಜಾಗ ಅಂತ ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ! ಊರಲ್ಲಿ ಯಾರನ್ನ ಕೇಳಿದ್ದರೂ ಹಂಗೇ ಬರೆಸೋರು. ಹುಟ್ಟಿದಾಗಿನಿಂದ ಆ ಕೋಣೆಗೆ ಐವತ್ತು ಅಂತಲೇ ಹೆಸರು.

ಆದ್ರೆ ಹೇಳ್ತೀನಿ ಕೇಳಿ, ಬೇಜಾರಿಗಿಂತ ಮುಂಚೆ ನನಗೆ ಬಂದದ್ದು ಸಡಗರ. ಯಾಕಂದ್ರೆ ಅದನ್ನೂ ಬರೆಯಬಹುದಲ್ಲ! ಜಾಗ ಎಲ್ಲೈತೆ ಅಂತ ಅಪ್ಪ ಕೇಳಿದ್ದ. ಅದಕ್ಕೆ ಅತ್ತು ಉತ್ತರ ಕೊಡೋದು ಬೇಡ, ಗೆರೆ ಎಳೆದು ಉತ್ತರ ಕೊಡಬಹುದು. ಕಾಲಲ್ಲೇ ಜಾಗದ ಗೆರೆ ಅಳಿಸಿದೆ. ಕೋಣೆ ಬಿಟ್ಟು, ಬರೀ ನಡುಮನೆಗೆ ಅಂತ ಒಳಗಡೆ ಹೊಸ ಗೆರೆ ಎಳೆದೆ. ಅವ್ವ ನನ್ನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು. ಅವಳ ಮುಖ ಅಷ್ಟು ಕೆಂಪಾಗಿದ್ದನ್ನ ನಾನು ಮುಂಚೆ ನೋಡಿರಲಿಲ್ಲ. “ಕೋಣೆಗೆ ಹಿತ್ಲು ಕಡೆ ಒಂದು ಬಾಗ್ಲೈತೆ. ಒಳಬಾಗ್ಲು ಭದ್ರವಾಗಿ ಹಾಕ್ಬುಟ್ಟು ಹಿತ್ಲು ಬಾಗ್ಲಲ್ಲಿ ಓಡಾಡಿದ್ರೆ ಅದು ಬ್ಯಾರೆ ಮನೇನೇ. ನಾನು ಹುಳ ಮುಟ್ಟಾಕಿಲ್ಲ. ನನ್ ಕೈನೂ ಅಳಿಸು” ಅಂದಳು.

ಅಳಿಸಿದೆ. ಕೈಗಳ ಗೆರೆ ಬಹಳ ಒಳಗೆ ಬಂದುಬಿಡ್ತು. ಒಬ್ಬಳು ಕೂಲಿಯವಳನ್ನ ಸೇರಿಸಿ ಒಸಿ ಹೊರಗೆ ತಳ್ಳಿದೆ. ಚಾಕರಿ ಜಾಸ್ತಿ ಕೇಳೋ ಬಿಳಿ ಹುಳ ಲೆಕ್ಕದಿಂದ ಪೂರಾ ಬಿದ್ದೇಹೋಯ್ತು. ಮೂಲೆ ಬಂದು ನಿಂತಿದ್ದು ಎಲ್ಲಿಗೆ ಗೊತ್ತಾ? ನೂರಕ್ಕೆ. ಬರೀ ಹಳದಿ, ನೂರು ಮೊಟ್ಟೆ.

ಅಪ್ಪ ಹಳೇ ಮೂಲೆಯಿಂದ ಇನ್ನೂ ಕದಲಿರಲಿಲ್ಲ. ಹೊಸ ಆಕಾರದಿಂದ ಹೊರಗೆ ಒಬ್ಬನೇ ನಿಂತಿದ್ದ. ಕಾಲ ಕೆಳಗಿನ ಬಯಲು ತೋರಿಸಿ, “ಈಗ ಇಲ್ಲಿ ಏನೈತೆ?” ಅಂದ.

“ಅದು ಉಳಿಯೋ ಸೊಪ್ಪು. ಸೊಪ್ಪಿನ ಗೆರೆ ಆಚೆಗೈತೆ, ನಮ್ಮ ಹುಳ ಅಲ್ಲಿವರ್ಗೂ ತಿನ್ನಲ್ಲ.”

“ಉಳಿದು ಏನಾಯ್ತದೆ?”

“ಗಿಡದಲ್ಲೇ ಬಲಿತು ಉದುರ್ತದೆ. ಇಲ್ಲಾಂದ್ರೆ ಮಾರಣ.”

ಮಾರಣ ಅಂದಿದ್ದೇ ತಡ, ಅಪ್ಪನ ಮುಖ ಕಪ್ಪಿಟ್ಟಿತು. ನಮ್ಮ ಕಡೆ ಸೊಪ್ಪು ಮಾರೋನು ಅಂದ್ರೆ ಹುಳ ಕೆಟ್ಟೋನು ಅಂತ ಅರ್ಥ. ರೋಗ ಬಂದು ಹುಳ ಸತ್ತಮೇಲೆ ಗತಿಯಿಲ್ಲದೆ ಮಾರೋದು. ಅದನ್ನೂ ಗೋಣಿ ಮುಚ್ಚಿ, ದೂರದೂರಿಗೆ. “ನನ್ ಹುಳ ಸತ್ತವೆ ಅಂತ ತಮಟೆ ಹೊಡ್ಕಂಡು ಬರ್ಲಾ? ಈ ಮನೇಲಿ ಯಾವನೂ ಸೊಪ್ಪು ಮಾರಿಲ್ಲ, ನಾನೂ ಮಾರಾಕಿಲ್ಲ!” ಅಂತ ಕೂಗಾಡಿದ.

ನಂಗೂ ರೇಗಿಹೋಯ್ತು. ಉಳಿದಿದ್ದ ರಂಗೋಲಿ ಪುಡೀಲಿ ಅವನ ಕಾಲ ಮುಂದೆ ದೊಡ್ಡದಾಗಿ ಒಂದು ಸೊನ್ನೆ ಬರೆದೆ.

“ಇದೇನು ಹೊಸದು?”

“ಮಾರೋ ಸೊಪ್ಪು ಸೊನ್ನೆ ಅಂತ. ಇದೂ ಒಂದು ಗೆರೆನೇ ಅಪ್ಪ. ಸೊಪ್ಪಿನ ಗೆರೆ ಹಾಕಿದ್ದು ಭೂಮಿ. ಜಾಗದ ಗೆರೆ ಹಾಕಿದ್ದು ಗೋಡೆ. ಇದನ್ನ ಹಾಕಿದ್ದು ನಿನ್ನ ಮೀಸೆ!”

ಅವ್ವ ಸೆರಗು ಬಾಯಿಗೆ ಇಟ್ಕೊಂಡಳು. ನಾನು ನಿಲ್ಲಿಸಲಿಲ್ಲ, ನಿಲ್ಲಿಸೋ ಜಾತಿಯವಳೇ ಅಲ್ಲ. ಮೇಷ್ಟ್ರು ಹೇಳಿಕೊಟ್ಟಿದ್ದ ಇನ್ನೊಂದು ವಿದ್ಯೆ ಇತ್ತಲ್ಲ: ಒಂದೊಂದು ಗೆರೆಗೂ ಒಂದೊಂದು ಬೆಲೆ ಇರ್ತದೆ, ಗೆರೆ ಸರಿಸಿದ್ರೆ ಎಷ್ಟು ಹೋಗ್ತದೆ ಎಷ್ಟು ಬರ್ತದೆ ಅಂತ ಲೆಕ್ಕ ಹಾಕಬಹುದು. ಗೂಡಿನ ರೇಟಿನ ಜೊತೆಗೆ ಸೊಪ್ಪಿನ ರೇಟೂ ಏರಿತ್ತು. ಕೋಣೆ ಅಕ್ಕನಿಗೆ ಕೊಟ್ಟು ಸೊಪ್ಪು ಮಾರಿದ್ರೆ ನಮಗೆ ಹೋಗೋದು ತೀರಾ ಅಷ್ಟಕ್ಕಷ್ಟೆ. ಕೋಣೆ ಕೊಟ್ಟು ಸೊಪ್ಪು ಮಾರಲಿಲ್ಲ ಅಂದ್ರೆ ಭಾರೀ ಪೆಟ್ಟು. “ಅಕ್ಕನ ಕೋಣೆ ಅಗ್ಗ ಕಣಪ್ಪ. ಈ ಮನೇಲಿ ದುಬಾರಿ ಆಗಿರೋದು ಮೀಸೆ ಒಂದೇ” ಅಂದುಬಿಟ್ಟೆ.

ಅಪ್ಪ ಟವೆಲ್ಲು ಹೆಗಲಿಗೆ ಹಾಕ್ಕೊಂಡು ತೋಟದ ಕಡೆ ನಡೆದೇಬಿಟ್ಟ. ರಂಗೋಲಿ ತುಳ್ಕೊಂಡೇ ಹೋದ. ಮಾತಾಡಿ ಕೆಡಿಸಿಬಿಟ್ಟೆನಾ? ಅಕ್ಕ ಬರೋ ದಾರಿ ನಾನೇ ಮುಚ್ಚಿದೆನಾ? ಅವ್ವ ತಲೆ ಚಚ್ಚಿಕೊಂಡಳು: “ಒಸಿ ಮೆತ್ತಗೆ ಹೇಳ್ಬಾರ್ದಾ? ನೆಟ್ಟಗೆ ಮೀಸೆಗೇ ಕೈ ಹಾಕ್ಬುಟ್ಯಲ್ಲೇ!”

ಬೆಳಿಗ್ಗೆ ಎದ್ದರೆ ಅಪ್ಪ ಇಲ್ಲ. ಗೂಟದಲ್ಲಿ ಅವನ ಬಿಳಿ ಷರಟೂ ಇಲ್ಲ. ಇಷ್ಟು ಮೊಟ್ಟೆ ಬೇಕು ಅಂತ ಬರೆಸಿ ಬರೋಕೆ ಅಂತ ಹೇಳಿ ಮೊದಲ ಬಸ್ಸಿಗೇ ಹೋದ ಅಂದಳು ಅವ್ವ. “ಎಷ್ಟು ಅಂತ ಹೇಳಿದ್ನಾ?” “ನಾನು ಕೇಳ್ಲಿಲ್ಲ ಕಣೇ, ನಂಗೆ ಭಯ.” ನೂರೋ, ನೂರೈವತ್ತೋ! ಕಾಲೇಜಿಗೆ ಹೋಗೋಕೆ ಕಾಲೇ ಏಳಲಿಲ್ಲ. ಅವ್ವ ಒಲೆ ಮೇಲಿಟ್ಟ ಸಾರು ಸೀದುಹೋಯ್ತು. ಜಗಲೀಲಿ ಕೂತು ರಸ್ತೆ ನೋಡಿದ್ದೇ ನೋಡಿದ್ದು. ಸಂಜೆ ಬಸ್ಸು ಬೇವಿನ ಮರದ ಹತ್ತಿರ ನಿಂತಿತು. ಅಪ್ಪ ಇಳಿದ. ಅವನ ಕೈಲಿ ಒಂದು ಹೂವಿನ ಚಿತ್ರದ ಬ್ಯಾಗು. ನಮ್ಮ ಮನೇಲಿ ಅಂಥ ಬ್ಯಾಗೇ ಇಲ್ಲ. ಆಮೇಲೆ ಅಪ್ಪ ಹಿಂದಕ್ಕೆ ತಿರುಗಿ ಕೈ ನೀಡಿದ. ಬಸ್ಸಿನ ಬಾಗಿಲಲ್ಲಿ ಮೊದಲು ಹೊಟ್ಟೆ ಕಂಡಿತು, ಆಮೇಲೆ ಅಕ್ಕ.

ಅಯ್ಯೋ ನನ್ನ ಶಿವನೇ, ನಾನು ಕಿರುಚಿದ್ದು ಸಾವನದುರ್ಗಕ್ಕೂ ಕೇಳಿಸಿರಬೇಕು. ಅವ್ವ ಬರಿಗಾಲಲ್ಲಿ ಓಡಿದಳು. ಅಪ್ಪ ಯಾರ ಮುಖವನ್ನೂ ನೋಡದೆ, “ನೂರಕ್ಕೆ ಬರ್ಸಿದ್ದೀನಿ. ಕೋಣೆ ಸಾರ್ಸು” ಅಂದ. ಆಮೇಲೆ ನನ್ನ ಕಡೆ ತಿರುಗಿ, “ನೀನು ಕುಣೀಬ್ಯಾಡ. ಸೊಪ್ಪಿನ ಮಾತು ಇನ್ನೂ ಇತ್ಯರ್ಥ ಆಗಿಲ್ಲ” ಅಂದ. ನಾನು ಕುಣಿದೆ.

ಹುಳ ಬಂದವು. ಕೂಲಿಯವಳು ಒಬ್ಬಳಿದ್ದರೂ ಅವ್ವನ ಕೈ ಇಲ್ಲದ ಚಾಕರಿ ಎಂಥದ್ದು ಅಂತ ಅಪ್ಪನಿಗೂ ನನಗೂ ಆವಾಗ ಗೊತ್ತಾಯ್ತು. ಸೊಪ್ಪು ಕೊಯ್ದು, ಹೆಚ್ಚಿ, ಹಿಕ್ಕೆ ಬಾಚಿ ನನ್ನ ಬೆನ್ನು ಬಿಲ್ಲಾಯ್ತು. ಹುಳ ಕೊನೇ ಹಂತಕ್ಕೆ ಬಂದು, ಮಳೆ ಹುಯ್ದಂಗೆ ಸದ್ದು ಮಾಡ್ತಾ ತಿನ್ನೋ ಹೊತ್ತಿಗೆ ಮಾಗಡಿ ಆಸ್ಪತ್ರೇಲಿ ಅ‌ಕ್ಕನಿಗೆ ಹೆಣ್ಣು ಮಗು. ಅವ್ವ ಪಕ್ಕದಲ್ಲೇ ಇದ್ದಳು. ಅಕ್ಕ ಅವಳ ಕೈ ಎಷ್ಟು ಬಿಗಿಯಾಗಿ ಹಿಡಿದಿದ್ದಳು ಅಂದ್ರೆ ಬಳೆ ಎಲ್ಲಾ ಚೂರಾಗಿತ್ತಂತೆ. ಅದನ್ನ ಅವ್ವ ಕಂಡೋರಿಗೆಲ್ಲ ಕೈ ಚಾಚಿ ತೋರಿಸ್ತಿದ್ದಳು. ಈ ಸಲ ಹುಳಕ್ಕೆ ಬೇಡವಾಗಿ ಉಳಿದಿದ್ದ ಒಂದು ತಟ್ಟೇಲಿ ಹಳೇ ಸೀರೆ ಹಾಸಿ, ಹಿತ್ತಲ ಎಳೆಬಿಸಿಲಲ್ಲಿ ಕೂಸನ್ನ ಮಲಗಿಸೋಳು.

ತೋಟದಲ್ಲಿ ಮಾತ್ರ ಸೊಪ್ಪು ಹಂಗೇ ನಿಂತಿತ್ತು. ಅಪ್ಪ ದಿನಾ ಅದರ ಮುಂದೆ ನಿಂತು ಬರೋನು. ನಾನು ಬಾಯಿಗೆ ಬೀಗ ಹಾಕ್ಕೊಂಡಿದ್ದೆ.

ಒಂದು ಬೆಳಿಗ್ಗೆ ಗುಡೇಮಾರನಹಳ್ಳಿ ಕಡೆಯವನೊಬ್ಬ ಸೈಕಲ್ಲು ತುಳ್ಕೊಂಡು ಏದುಸಿರು ಬಿಡ್ತಾ ಬಂದ. ಹುಳದ ಮನೆ ಅಂತ ಒಳಗೆ ಬರದೆ ಅಂಗಳದಲ್ಲೇ ನಿಂತ. ರೇಟಿನ ಆಸೆಗೆ ತೋಟಕ್ಕೆ ಮೀರಿ ಮೊಟ್ಟೆ ತಂದಿದ್ದ, ಸೊಪ್ಪು ಮುಗಿದಿತ್ತು. “ಹುಳ ಎಲ್ಲಾ ತಲೆ ಎತ್ಕಂಡು ನೋಡ್ತಾ ಅವೆ ಕಣಣ್ಣ. ನನ್ ಕೈಲಿ ನೋಡಾಕಾಯ್ತಿಲ್ಲ. ಎಲ್ಲಾದ್ರೂ ಸೊಪ್ಪು ಮಾರೋರು ಗೊತ್ತಾ?” ಅಂದ.

ಅಪ್ಪನ ಕೈ ಮೀಸೆ ಹತ್ತಿರ ಹೋಯ್ತು, ಅಲ್ಲೇ ಒಸಿ ಹೊತ್ತು ನಿಂತಿತು, ಕೆಳಗಿಳೀತು.

“ನಂ ತೋಟದಲ್ಲೈತೆ. ಕೊಯ್ಕಂಡು ಹೋಗು” ಅಂದ. ತಕ್ಷಣ ಸೇರಿಸಿದ: “ರೇಟು ಮಾತ್ರ ಎಲ್ರಿಗೂ ಇರೋದೇ ಮತ್ತೆ!”

ಬಂದವನಿಗೆ ಹೊಟ್ಟೆಗೆ ಹಾಲು ಹುಯ್ದಂಗಾಯ್ತು. ಆದ್ರೂ ತಡೀಲಾರದೆ ದನಿ ತಗ್ಗಿಸಿ ಕೇಳೇಬಿಟ್ಟ: “ಅಲ್ಲಾ ಕಣಣ್ಣ, ನಿಮ್ ಹುಳಕ್ಕೆ ಏನಾರ ಆಯ್ತಾ? ನಿಮ್ದು ನೂರೈವತ್ತು ಮೊಟ್ಟೆ ಹಿಡಿಸೋ ಮನೆ ಅಲ್ವಾ?”

“ಯಾವನ್ಲಾ ಹೇಳಿದ್ದು?” ಅಪ್ಪ ಎದೆ ಸೆಟೆಸಿ, ಬೀದಿಗೆಲ್ಲ ಕೇಳಿಸೋಹಂಗೆ ಅಂದ. “ನೂರು ಮೊಟ್ಟೆ. ಒಬ್ಳು ಬಾಣಂತಿ. ಒಂದು ಕೂಸು. ಅಲ್ಲಿಗೆ ಭರ್ತಿ ಕಣ್ಲಾ ನಮ್ಮನೆ!”

ಕೋಣೆ ಒಳಗಿಂದ ಅಕ್ಕ ಜೋರಾಗಿ ನಕ್ಕದ್ದು ಕೇಳಿಸ್ತು. “ನಗ್ಬ್ಯಾಡ ಕಣೇ, ಹಸಿ ಮೈ, ಹೊಟ್ಟೆ ಹಿಡ್ಕಂಡಾತು” ಅಂತ ಅವ್ವ ಬೈದು, ತಾನೂ ನಕ್ಕಳು.